ಕೈಗುಣದ ಲೆಕ್ಕ

ಬಾಗಲಕೋಟೆ ಕಡೆಯಿಂದ ಬಂದ ಬಸ್ಸು ಕೃಷ್ಣೆಯ ಉದ್ದನೆಯ ಸೇತುವೆ ದಾಟಿ ಕೊಲ್ಹಾರದಲ್ಲಿ ನಿಂತರೆ ಸಾಕು, ಕಿಟಕಿಯ ಹತ್ತಿರ ಮಣ್ಣಿನ ಗಡಿಗೆ ಬರುತ್ತದೆ. ಕೊಲ್ಹಾರದ ಮೊಸರು. ಗೊತ್ತಿದ್ದವರು ಕೇಳಿದ ಕೂಡಲೇ ಕೊಳ್ಳುವುದಿಲ್ಲ. ಗಡಿಗೆಯನ್ನು ಒಂದಿಷ್ಟು ವಾಲಿಸಿ ನೋಡುತ್ತಾರೆ. ಮಾರುವಾಕೆಗೆ ಅದರಿಂದ ಬೇಸರವಿಲ್ಲ. ‘ನೋಡ್ರೀ ಯಣ್ಣಾ, ಪೂರಾ ಹೊಳ್ಳಿಸಿ ನೋಡ್ರೀ’ ಎಂದು ತಾನೇ ಕೈಯಾರೆ ಗಡಿಗೆ ಬಗ್ಗಿಸಿ ತೋರಿಸುತ್ತಾಳೆ. ಮೇಲಿನ ಕೆನೆ ಅಲುಗುವುದಿಲ್ಲ. ಹಣ ಕೈ ಬದಲಾಗುವುದು ಆಮೇಲೆ.

ಅದೇ ನಾವು ದವಾಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ ಏನನ್ನೂ ವಾಲಿಸಿ ನೋಡುವುದಿಲ್ಲ. ತೋಳು ಚಾಚುತ್ತೇವೆ, ಸೂಜಿ ಚುಚ್ಚಿಸಿಕೊಳ್ಳುತ್ತೇವೆ, ಕೊಟ್ಟ ಗುಳಿಗೆ ನುಂಗುತ್ತೇವೆ. ಒಳ್ಳೆಯ ಡಾಕ್ಟರ್ ಯಾರು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ, ಬರುವ ಉತ್ತರ ಒಂದೇ: ‘ಅವರ ಕೈಗುಣ ಚಲೋ ಐತಿ.’

ಕೈಗುಣ ಎಂಬ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನ ಪಾಲಾಗಿ, ಓಣಿಗೆ ಓಣಿಯೇ ಎದ್ದು ಬಂದು ಹೊಸ ಪ್ಲಾಟುಗಳಲ್ಲಿ ನೆಲೆ ಕಂಡುಕೊಳ್ಳುವಾಗ, ಜನರಿಗೆ ಗುರುತಿದ್ದ ಒಬ್ಬ ಡಾಕ್ಟರ ಮುಖವೇ ದೊಡ್ಡ ಆಸರೆ. ಮುಟ್ಟಿ ಮಾತಾಡಿಸುವ, ಹೆಸರು ಹಿಡಿದು ಕರೆಯುವ, ರೊಕ್ಕ ಇಲ್ಲದಿದ್ದರೆ ‘ಆಮ್ಯಾಲ ಕೊಡವಂತಿ ಹೋಗು’ ಅನ್ನುವ ವೈದ್ಯನ ಮುಂದೆ ಅರ್ಧ ಜಡ್ಡು ಇಳಿಯುವುದು ಸುಳ್ಳಲ್ಲ. ಆದರೆ ಕೈಗುಣ ಲೆಕ್ಕ ಹಿಡಿಯುವುದು ಫಲವನ್ನು ಮಾತ್ರ. ವಾಸಿಯಾದರೆ ಕೈಗುಣ ಇದೆ, ಆಗದಿದ್ದರೆ ಇಲ್ಲ. ನೆಗಡಿ ಜ್ವರ ಮೂರು ನಾಲ್ಕು ದಿನಕ್ಕೆ ತಾನಾಗಿಯೇ ಇಳಿಯುವಂಥದ್ದು. ಎರಡನೆಯ ದಿನ ಸೂಜಿ ಹಾಕಿಸಿಕೊಂಡವನು ಮೂರನೆಯ ದಿನ ಎದ್ದು ಹೊಲಕ್ಕೆ ಹೋದರೆ ಹೆಸರು ಸೂಜಿಗೆ ಹೋಗುತ್ತದೆ. ಹೀಗೆ ನೂರು ಜ್ವರ ಗೆದ್ದ ಕೈ, ನೂರಾ ಒಂದನೆಯ ರೋಗಿಯ ಎದೆನೋವನ್ನೂ ಗೆಲ್ಲುತ್ತದೆ ಎಂದು ನಂಬಿಬಿಡುತ್ತೇವೆ.

ನಮ್ಮ ಮನೆಯಲ್ಲಿ ಆದದ್ದು ಅದೇ. ಒಂದು ಮುಂಜಾನೆ ಅಪ್ಪ ‘ಎದಿ ಒತ್ತಿ ಹಿಡದಂಗ ಆಗಾಕತ್ತೈತಿ’ ಅಂದರು. ಹಣೆಯ ಮೇಲೆ ಬೆವರು. ನಮ್ಮೆಲ್ಲರ ಜ್ವರ, ವಾಂತಿ, ಭೇದಿಗೆ ವರ್ಷಗಟ್ಟಲೆ ಮದ್ದು ಕೊಟ್ಟಿದ್ದ, ಕೈಗುಣಕ್ಕೆ ಹೆಸರಾದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ‘ಗ್ಯಾಸ್ ಆಗೇತಿ’ ಎಂದು ಒಂದು ಸೂಜಿ, ನಾಲ್ಕು ಗುಳಿಗೆ. ಇಸಿಜಿ ಇಲ್ಲ, ಬಿಪಿ ನೋಡಲಿಲ್ಲ, ನೋವು ಎಡತೋಳಿಗೆ ಹಬ್ಬಿದೆಯೇ ಎಂದೂ ಕೇಳಲಿಲ್ಲ. ಸಂಜೆ ನೋವು ಮರುಕಳಿಸಿ ವಿಜಯಪುರಕ್ಕೆ ಓಡಿದೆವು. ಅಲ್ಲಿ ಇಸಿಜಿ ಪಟ್ಟಿ ಕೈಯಲ್ಲಿ ಹಿಡಿದ ಎಳೆಯ ವೈದ್ಯೆ ಕೇಳಿದ್ದು ಒಂದೇ ಮಾತು: ‘ಮುಂಜಾನೇನ ಯಾಕ ಬರಲಿಲ್ಲ?’ ಅಪ್ಪ ಉಳಿದರು. ಆದರೆ ಹೃದಯದ ಒಂದು ಭಾಗ ಬಡವಾಗಿಯೇ ಉಳಿಯಿತು. ಆಮೇಲೆ ಅವರು ಹೊಲದ ಬದುವಿನವರೆಗೆ ನಡೆದರೂ ಕುಳಿತು ದಣಿವಾರಿಸಿಕೊಳ್ಳಬೇಕಾಗುತ್ತಿತ್ತು. ಆ ಮುಂಜಾನೆ ನಾನು ಬಾಯಿ ಬಿಟ್ಟು ‘ಇಸಿಜಿ ತಗೀಬೇಕೇನ್ರಿ?’ ಎಂದು ಕೇಳಲಿಲ್ಲ. ಕೇಳಿದರೆ ಡಾಕ್ಟರಿಗೆ ಅವಮಾನವಾದೀತು ಅನ್ನಿಸಿತ್ತು.

ಈ ಅನುಭವ ನಮ್ಮದೊಂದೇ ಅಲ್ಲ ಎಂಬುದು ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದ ಹಳ್ಳಿಗಳಲ್ಲಿ, ದೆಹಲಿಯಲ್ಲಿ ಒಂದು ಅಧ್ಯಯನ ನಡೆಸಿ 2012ರಲ್ಲಿ ಪ್ರಕಟಿಸಿದರು. ಸ್ಥಳೀಯರನ್ನೇ ತರಬೇತುಗೊಳಿಸಿ, ರೋಗಿಗಳಂತೆ ಕ್ಲಿನಿಕ್‌ಗಳಿಗೆ ಕಳಿಸಿದರು. ಒಬ್ಬರಿಗೆ ಎದೆನೋವು, ಇನ್ನೊಬ್ಬರಿಗೆ ಉಬ್ಬಸ, ಮತ್ತೊಬ್ಬರು ಮನೆಯಲ್ಲಿ ಮಲಗಿರುವ ಭೇದಿಯ ಮಗುವಿಗೆ ಔಷಧ ಕೇಳಲು ಬಂದ ತಂದೆ. ಹಳ್ಳಿಗಳಲ್ಲಿ ಒಬ್ಬ ರೋಗಿಗೆ ಸಿಕ್ಕ ಸರಾಸರಿ ಸಮಯ 3.6 ನಿಮಿಷ. ಕೇಳಲೇಬೇಕಾದ ಪ್ರಶ್ನೆ, ಮಾಡಲೇಬೇಕಾದ ತಪಾಸಣೆಗಳಲ್ಲಿ ನಡೆದದ್ದು ಮೂರನೆಯ ಒಂದು ಭಾಗದಷ್ಟು. ದಾಸ್ ಮತ್ತು ಅವರ ಜೊತೆಗಾರರ ಬೇರೆ ಅಧ್ಯಯನಗಳು ಇನ್ನೂ ಒಂದು ಮಾತು ಹೇಳುತ್ತವೆ. ವೈದ್ಯರಿಗೆ ಗೊತ್ತಿರುವುದಕ್ಕೂ ಅವರು ನಿಜವಾಗಿ ಮಾಡುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಪರೀಕ್ಷೆಯಲ್ಲಿ ಬರೆದ ಉತ್ತರ ಸರಿ. ಮುಂದೆ ಕೂತ ರೋಗಿಗೆ ಮಾಡಿದ್ದು ಬೇರೆ. ಗೋಡೆಯ ಮೇಲಿನ ಪದವಿಪತ್ರ ನೋಡಿದರಷ್ಟೇ ಸಾಲದು, ಪದವಿಪತ್ರವಿಲ್ಲದೆಯೂ ನಡೆಯದು.

ಫಲವೊಂದನ್ನೇ ಹಿಡಿದು ಅಳೆದರೆ ಒಳ್ಳೆಯ ವೈದ್ಯರಿಗೂ ಅನ್ಯಾಯವಾಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಮೈ ಸರಿಯಿಲ್ಲವೆಂದು ಮೊದಲು ಹೋಗಿದ್ದು ಕುಟುಂಬದ ವೈದ್ಯರ ಕ್ಲಿನಿಕ್‌ಗೆ. ಅಲ್ಲಿ ಇಸಿಜಿ ತೆಗೆದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆದರೂ ಜೀವ ಉಳಿಯಲಿಲ್ಲ. ದುಃಖದಲ್ಲಿದ್ದ ಅಭಿಮಾನಿಗಳ ಸಿಟ್ಟು ಆ ಕ್ಲಿನಿಕ್ ಮೇಲೆ ತಿರುಗಿ, ಪೊಲೀಸ್ ಕಾವಲು ಹಾಕಬೇಕಾಯಿತು. ಇತ್ತ ನಮ್ಮಪ್ಪನಿಗೆ ಇಸಿಜಿಯನ್ನೇ ಮಾಡದ ದವಾಖಾನೆಯ ಮುಂದೆ ಮರುದಿನವೂ ಎಂದಿನಂತೆ ಪಾಳಿ ಇತ್ತು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಾನು ಬಹಳ ದಿನ ಯೋಚಿಸಿದ್ದೇನೆ. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಹೃದ್ರೋಗ ತಜ್ಞರೆಲ್ಲ ಒಪ್ಪಿದ ಅಳತೆ. ಈಗ ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು, ಹೊರಗೆ ಸಾವಿರಾರು ರೂಪಾಯಿ ಬೀಳುವ ಮದ್ದನ್ನು, ಪುಕ್ಕಟೆಯಾಗಿ ಕೊಡುತ್ತಾರೆ. ಊರಿನ ವೈದ್ಯರು ಮಾಡಬೇಕಾದ ಕೆಲಸ ಅನುಮಾನಪಟ್ಟು ಬೇಗ ಕಳಿಸುವುದು, ಅಷ್ಟೇ. ಅಷ್ಟೇ ಅನ್ನುವ ಆ ಕೆಲಸದ ಮೇಲೆ ಜೀವ ನಿಂತಿದೆ.

ಇನ್ನು ಕೈಗುಣದ ಕೈಯ ವಿಷಯಕ್ಕೇ ಬರೋಣ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಆ ಕೈಗಳಿಗೆ ಬಂದ ಗುಣವೆಲ್ಲ ತೊಳೆದದ್ದರಿಂದ ಬಂದದ್ದು. ನೀವು ಹೋಗುವ ದವಾಖಾನೆಯಲ್ಲಿ ವೈದ್ಯರ ಮೇಜಿನ ಹತ್ತಿರ ನಲ್ಲಿ ಇದೆಯೇ, ಸಾಬೂನು ಇದೆಯೇ, ಇಲ್ಲವೇ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಜರ್ ಆದರೂ ಇದೆಯೇ? ಒಬ್ಬ ರೋಗಿಯ ಗಾಯ ಮುಟ್ಟಿ ಇನ್ನೊಬ್ಬರ ಕೂಸಿನ ಬಾಯಿ ನೋಡುವ ನಡುವೆ ಅದು ಬಳಕೆಯಾಯಿತೇ? ಪಾಳಿಯಲ್ಲಿ ಕೂತು ಅರ್ಧ ಗಂಟೆ ನೋಡಿದರೆ ಗೊತ್ತಾಗುತ್ತದೆ.

ಸೂಜಿಯ ಮಾತು ಬೇರೆಯೇ ಇದೆ. ನಮ್ಮ ಕಡೆ ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೆಂದು ಒಪ್ಪುವವರು ಕಡಿಮೆ. ‘ಸೂಜಿ ಮಾಡ್ರೀ ಸಾಹೇಬ್ರ, ನಾಳಿ ಕಬ್ಬಿನ ಕೆಲಸ ಐತಿ’ ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ. ಸ್ವಲ್ಪ ಸುಸ್ತಾದರೆ ‘ಒಂದು ಸಲೈನ್ ಹಚ್ರೀ’. ಕೇಳಿದ್ದನ್ನು ಕೊಡದಿದ್ದರೆ ಗಿರಾಕಿ ಪಕ್ಕದ ದವಾಖಾನೆಗೆ ಹೋಗುತ್ತಾನೆ ಎಂಬ ಭಯ ವೈದ್ಯರಿಗೂ ಇದೆ. ಈ ಬೇಡಿಕೆಯಲ್ಲಿ ನಮ್ಮ ಪಾಲೂ ಇದೆ ಎಂದು ನಾವೂ ಒಪ್ಪಿಕೊಳ್ಳಬೇಕು. 2002-03ರಲ್ಲಿ ಇಂಡಿಯಾಕ್ಲೆನ್ ಎಂಬ ವೈದ್ಯ ಸಂಶೋಧಕರ ಜಾಲ ದೇಶದಾದ್ಯಂತ ನಡೆಸಿದ ಸಮೀಕ್ಷೆ, ಹಾಕಿದ ಚುಚ್ಚುಮದ್ದುಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಸುರಕ್ಷಿತವಲ್ಲ ಎಂದು ಕಂಡುಕೊಂಡಿತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರಮವೂನಲ್ಲಿ ಸೈಕಲ್ ಮೇಲೆ ಊರೂರು ತಿರುಗಿ ಹತ್ತು ರೂಪಾಯಿಗೆ ಸೂಜಿ ಹಾಕುತ್ತಿದ್ದವನಿಂದ ಎಚ್‌ಐವಿ ಹಬ್ಬಿತೆಂದು ಆರೋಗ್ಯ ಇಲಾಖೆ ಹೇಳಿತು. ಅವನ ಕೈಗುಣದ ಮೇಲೂ ಆ ಹಳ್ಳಿಗಳ ಜನರಿಗೆ ನಂಬಿಕೆ ಇತ್ತು.

ಹಾಗಾಗಿ ಸೂಜಿ ಬೇಕೇಬೇಕೆ ಎಂದು ಮೊದಲು ಕೇಳಬೇಕು. ಗುಳಿಗೆಯಿಂದ ಆಗುವ ಕೆಲಸಕ್ಕೆ ಸೂಜಿ ಬೇಡ. ಬೇಕೇ ಆದರೆ ಸಿರಿಂಜಿನ ಪೊಟ್ಟಣವನ್ನು ನಮ್ಮ ಕಣ್ಣೆದುರು ಹರಿಯಬೇಕು, ಔಷಧದ ಬಾಟಲಿಯ ಹೆಸರು, ತಾರೀಖು ಕಾಣಬೇಕು, ಬಳಸಿದ ಸೂಜಿ ಅಲ್ಲಿಯೇ ಕಟರಿನಲ್ಲಿ ತುಂಡಾಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಸಿರಿಂಜು, ಸಲೈನ್ ಪೈಪು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ. ಗಾಜು ನೀಲಿಗೆ ಹೋಗಬೇಕು. ದವಾಖಾನೆಯ ಹಿಂದಿನ ಗಟಾರದಲ್ಲಿ ಸಿರಿಂಜು ತೇಲುತ್ತಿದ್ದರೆ ಒಳಗಿನ ಶುಚಿಯ ಬಗ್ಗೆ ಬೇರೆ ಸಾಕ್ಷಿ ಬೇಡ. ಚುಚ್ಚುಮದ್ದು ಕೊಡುವ ಯಾವುದೇ ಕೋಣೆಯಲ್ಲಿ ಅಡ್ರಿನಲಿನ್ ಆಂಪೂಲು ಕೈಗೆಟುಕುವಂತೆ ಇರಲೇಬೇಕು. ಔಷಧ ಒಗ್ಗದೆ ಉಸಿರು ಕಟ್ಟಿ, ಬಿಪಿ ಕುಸಿದಾಗ ತೊಡೆಗೆ ಕೊಡುವ ಆ ಅರ್ಧ ಮಿಲಿಲೀಟರಿನ ಬದಲಿಗೆ ಬೇರೇನೂ ಕೆಲಸಕ್ಕೆ ಬಾರದು. ಅದರ ಬೆಲೆ ಒಂದು ಗಡಿಗೆ ಮೊಸರಿಗಿಂತ ಕಡಿಮೆ.

ಬೋರ್ಡಿನ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ನೋಡಲು ಎಲ್ಲಕ್ಕಿಂತ ಸುಲಭ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ನಮ್ಮವರು ಕೆಪಿಎಂಇ ಎನ್ನುವ ಕಾಯ್ದೆಯಡಿ, ಪ್ರತಿ ಖಾಸಗಿ ದವಾಖಾನೆ ನೋಂದಣಿಯಾಗಿರಬೇಕು, ದರಪಟ್ಟಿ ತೂಗುಹಾಕಬೇಕು. 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೂ ಗೊತ್ತುಮಾಡಿತು: ಅಲೋಪತಿಗೆ ಆಕಾಶನೀಲಿ, ಆಯುರ್ವೇದಕ್ಕೆ ಹಸಿರು. ಅಕ್ಷರ ಬಾರದ ಅಜ್ಜಿಗೂ ಬಣ್ಣ ಗೊತ್ತಾಗುತ್ತದೆ. ವೈದ್ಯರ ನೋಂದಣಿ ಸಂಖ್ಯೆ ಗೋಡೆಯ ಮೇಲೂ ಚೀಟಿಯ ಮೇಲೂ ಇರಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮವೇ ಹೇಳುತ್ತದೆ. ಒಂದು ಪದ್ಧತಿ ಕಲಿತು ಇನ್ನೊಂದು ಪದ್ಧತಿಯ ಮದ್ದು ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರ ಪೂನಂ ವರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ; ಅಲ್ಲಿ ಹೋಮಿಯೋಪತಿ ಕಲಿತವರು ಇಂಗ್ಲಿಷ್ ಔಷಧ ಕೊಟ್ಟಿದ್ದರು, ರೋಗಿ ಸತ್ತಿದ್ದ. ಆಯುರ್ವೇದ ಓದಿದವರನ್ನು ಕೀಳಾಗಿ ಕಾಣುವ ಮಾತಲ್ಲ ಇದು. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೆ ತೆಗೆಯುವವರು ಎಷ್ಟೋ ಊರುಗಳಲ್ಲಿ ಅವರೇ. ತಾವು ಏನು ಓದಿದ್ದೇವೆ ಎಂಬುದನ್ನು ಬೋರ್ಡಿನಲ್ಲಿ ಮರೆಮಾಚಬಾರದು, ಅಷ್ಟೇ.

ಬೋರ್ಡಿಗಿಂತ ನನಗೆ ಮುಖ್ಯವಾಗಿ ಕಾಣುವುದು ಚೀಟಿ. ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ನಾಲ್ಕು ಬಣ್ಣದ ಗುಳಿಗೆ ಕಟ್ಟಿ ‘ಮುಂಜಾನಿಗೊಂದು, ಸಂಜಿಗೊಂದು’ ಎಂದು ಕೊಡುವ ರೂಢಿ ಇನ್ನೂ ಇದೆ. ಅದರೊಳಗೆ ಸ್ಟೀರಾಯ್ಡ್ ಇದ್ದರೆ ಮೊಣಕಾಲು ನೋವು ಎರಡೇ ದಿನಕ್ಕೆ ಮಾಯ. ಜನ ಕೈಗುಣ ಎಂದು ಕೊಂಡಾಡುತ್ತಾರೆ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮುಖ ಬಾತುಕೊಳ್ಳುತ್ತದೆ, ಎಲುಬು ಟೊಳ್ಳಾಗುತ್ತದೆ, ಒಳಗಿನ ಸೋಂಕು ಜ್ವರವಾಗಿ ಕಾಣಿಸದೆ ಬೆಳೆಯುತ್ತದೆ. ಮುಂದೆ ವಿಜಯಪುರಕ್ಕೋ ಬಾಗಲಕೋಟೆಗೋ ಹೋದಾಗ ಅಲ್ಲಿಯ ವೈದ್ಯರು ‘ಏನು ತಗೊಂಡೀರಿ?’ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಚೀಟಿ ಇರಬೇಕು, ಅದರಲ್ಲಿ ಔಷಧದ ಹೆಸರು ಓದಲು ಬರುವಂತಿರಬೇಕು, ಔಷಧ ಅದರ ಪಟ್ಟಿಯಲ್ಲೇ ಕೈಗೆ ಬರಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡಬಾರದ ಮದ್ದು. ಒಳರೋಗಿಯಾಗಿ ದಾಖಲಾದವರ ಕಾಗದಪತ್ರವನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದೂ ಅದೇ 2002ರ ನಿಯಮ. ಈ ಕಾಗದ ವೈದ್ಯರು ಮಾಡುವ ಉಪಕಾರವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ಧ್ವನಿ ಏರುತ್ತದೆ, ಏರಲಿ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಬಿಳಿ ಹೋಗುತ್ತದೆ, ನಡ ನೋಯುತ್ತದೆ ಎಂದು ದವಾಖಾನೆಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ‘ಕ್ಯಾನ್ಸರ್ ಆದೀತು’ ಎಂದು ಹೆದರಿಸಿ ಗರ್ಭಕೋಶ ತೆಗೆದ ಸಂಗತಿ 2015ರ ಹೊತ್ತಿಗೆ ಬಯಲಿಗೆ ಬಂತು. ಅವರಲ್ಲಿ ಬಹಳಷ್ಟು ಮಂದಿ ನಲವತ್ತೂ ತುಂಬದವರು. ಸಂಘಟನೆಗಳು ಬೀದಿಗಿಳಿದ ಮೇಲೆ ತನಿಖೆ ನಡೆಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಮೇಲೆ ಕ್ರಮವಾಯಿತು. ಹೋದ ಗರ್ಭಕೋಶ ತಿರುಗಿ ಬರಲಿಲ್ಲ. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಅದಕ್ಕೂ ಮೊದಲು, 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪ್ರಜ್ಞೆ ತಪ್ಪಿಸಿದ ಹೆಣ್ಣುಮಗಳ ಗರ್ಭಕೋಶ ತೆಗೆಯಲು ಹೊರಗೆ ಕೂತ ತಾಯಿಯ ಒಪ್ಪಿಗೆ ಸಾಲದು, ಆಕೆಯೇ ತಿಳಿದು ಒಪ್ಪಬೇಕು ಎಂದು ಅದೇ ಕೋರ್ಟ್ ಹೇಳಿತ್ತು. ನಮ್ಮ ಊರುಗಳಲ್ಲಿ ಇಂದಿಗೂ ಸಹಿ ಮಾಡುವವನು ಗಂಡ. ಕೊಯ್ಯಿಸಿಕೊಳ್ಳುವವಳಿಗೆ ಏನು ತೆಗೆಯುತ್ತಾರೆಂದು ಹೇಳುವವರಿಲ್ಲ. ಜೀವಕ್ಕೆ ತಕ್ಷಣ ಅಪಾಯವಿಲ್ಲದ ಯಾವ ಆಪರೇಷನ್‌ಗೂ ಇನ್ನೊಬ್ಬ ವೈದ್ಯರನ್ನು ಕೇಳಿ ಬರುತ್ತೇವೆ ಅನ್ನಿ. ಒಳ್ಳೆಯ ವೈದ್ಯರು ‘ಕೇಳಿ ಬರ್ರಿ’ ಅನ್ನುತ್ತಾರೆ. ಹಾಗೆ ಅಂದವರ ಹತ್ತಿರವೇ ತಿರುಗಿ ಬರಬಹುದು.

ಊರ ವೈದ್ಯರ ನಿಜವಾದ ಪರೀಕ್ಷೆ ಹಾವು ಕಡಿದಾಗ ಆಗುತ್ತದೆ. ಹಿನ್ನೀರಿನ ಈ ಕಡೆ ಕಬ್ಬು ಹೆಚ್ಚಿದಂತೆ ಹೊಲದಲ್ಲಿ ಇಲಿ, ಇಲಿಯ ಹಿಂದೆ ಹಾವು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಒಣಗಿದ ಶುಚಿಯಾದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ನೀರಿನಂತೆ ಹರಿದರೆ ವಿಷ ಏರಿದೆ, ಪ್ರತಿವಿಷ ಕೂಡಲೇ ಬೇಕು. ಇದನ್ನು ನಾನು ಬಸ್‌ಸ್ಟ್ಯಾಂಡಿನ ಮೊಸರಿನವ್ವನಿಗೆ ಹೇಳಿದೆ. ‘ಹೆಪ್ಪು ಕೂಡೇತೋ ಇಲ್ಲೋ ನೋಡೂದಲ್ಲೇನಪಾ? ಅದು ನಮಗ ತಿಳೀತೈತಿ’ ಅಂದಳು. ಪ್ರತಿವಿಷ ತನ್ನಲ್ಲಿದ್ದರೆ ಇಪ್ಪತ್ತು ನಿಮಿಷ ಕಾದು ನೋಡುವ, ಇಲ್ಲದಿದ್ದರೆ ಒಂದು ಕ್ಷಣವೂ ಇಟ್ಟುಕೊಳ್ಳದೆ 108ಕ್ಕೆ ಫೋನ್ ಮಾಡಿ, ಕಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ಕಳಿಸುವ ವೈದ್ಯರನ್ನು ನಾನು ನೂರು ಜ್ವರ ವಾಸಿ ಮಾಡಿದವರಿಗಿಂತ ಮೇಲೆ ಇಡುತ್ತೇನೆ. ನಮ್ಮವರು ಮಾತ್ರ ಹೀಗೆ ಕಳಿಸಿದವರನ್ನು ‘ಕೈ ಚೆಲ್ಲಿದ’ ಅನ್ನುತ್ತಾರೆ.

ಇದನ್ನೆಲ್ಲ ರೋಗಿಯೊಬ್ಬನೇ ನೋಡಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಊರ ವೈದ್ಯರ ದವಾಖಾನೆಯನ್ನೂ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಬಂದು ನೋಡುತ್ತದೆ. ಇಲ್ಲಿ ಅಪಾಯವಿಲ್ಲವೇ, ಮದ್ದು ಫಲಿಸುತ್ತದೆಯೇ, ಅಂತಃಕರಣ ಇದೆಯೇ, ಬೇಕಾದ ಹೊತ್ತಿಗೆ ಸಿಗುತ್ತದೆಯೇ, ಆಡಳಿತ ನೆಟ್ಟಗಿದೆಯೇ ಎಂಬ ಐದು ಪ್ರಶ್ನೆ ಕೇಳಿ, ಉತ್ತರವನ್ನು ಊರಿಗೇ ತಿಳಿಸುತ್ತದೆ. ನಂಬಿಕೆಯೊಂದೇ ಸಾಲದು ಎಂಬ ಕಹಿ ಅನುಭವ ಅವರಿಗೆ ಇದೆ. ರೋಗಿಗಳ ಅಚ್ಚುಮೆಚ್ಚಿನವನಾಗಿದ್ದ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ, ತನ್ನ ರೋಗಿಗಳನ್ನೇ ಕೊಂದವನೆಂದು 2000ದಲ್ಲಿ ಸಾಬೀತಾಯಿತು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯೂಎಎಸ್ ಎಂಬ ಗುಣಮಟ್ಟದ ಪರೀಕ್ಷೆ ಇದೆ, ಶುಚಿತ್ವಕ್ಕೆ 2015ರಿಂದ ಕಾಯಕಲ್ಪ ಪ್ರಶಸ್ತಿ ಇದೆ. ಕಾಯಕದ ನೆಲವಾದ ಬಸವನ ಬಾಗೇವಾಡಿಯ ಮಗ್ಗುಲಲ್ಲಿ ಈ ಹೆಸರು ಕೇಳಿದಾಗ ನನಗೆ ಹಿತವಾಗುತ್ತದೆ. ಖಾಸಗಿ ದವಾಖಾನೆಯ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿಯವರೇ ಅಧ್ಯಕ್ಷರಾಗಿರುವ ಪ್ರಾಧಿಕಾರವಿದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರಲ್ಲಿದ್ದಾರೆ. ಆದರೆ ಕೊಲ್ಹಾರದಿಂದ ವಿಜಯಪುರಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಿ ಅರ್ಜಿ ಕೊಡುವವರು ಯಾರು? ತಾಲ್ಲೂಕು ಆರೋಗ್ಯಾಧಿಕಾರಿ ವರ್ಷಕ್ಕೊಮ್ಮೆ ಪ್ರತಿ ದವಾಖಾನೆ ನೋಡಿ, ಕಂಡದ್ದನ್ನು ಪಟ್ಟಣ ಪಂಚಾಯಿತಿಯ ಫಲಕದ ಮೇಲೆ ಅಂಟಿಸಿದರೆ ಸಾಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ ಎಂದು ನನ್ನ ನಂಬಿಕೆ.

ಇದನ್ನೆಲ್ಲ ಹಿಡಿದುಕೊಂಡು ಯಾರೂ ವೈದ್ಯರ ಮೇಲೆ ಏರಿ ಹೋಗಬಾರದು. ಒಬ್ಬರೇ ಕೂತು ದಿನಕ್ಕೆ ನೂರು ಜನರನ್ನು ನೋಡುವವರ ದಣಿವು ನನಗೆ ಗೊತ್ತು. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು ಎಂಬುದು ನಾವೆಲ್ಲ ತಲೆತಗ್ಗಿಸಬೇಕಾದ ಮಾತು. ಪ್ರಶ್ನೆಯನ್ನು ಮದ್ದು ತೆಗೆದುಕೊಳ್ಳುವ ಮೊದಲು ಮೆಲ್ಲಗೆ ಕೇಳಬೇಕು. ಹೆಣ ಹೊರಗೆ ಬಂದ ಮೇಲೆ ಕಲ್ಲು ಹಿಡಿದಲ್ಲ.

ಮೊನ್ನೆ ಅವ್ವನಿಗೆ ಜ್ವರ ಬಂದಿತ್ತು. ಹೊಸದಾಗಿ ಬಂದ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವ್ವ ಕುರ್ಚಿಯಲ್ಲಿ ಕೂತವಳೇ, ‘ಸಾಹೇಬ್ರ, ಸೂಜಿ ಬೇಕ ಬೇಕೇನ್ರಿ? ಬೇಕಂದ್ರ ಹೊಸಾದು ನನ್ನ ಮುಂದ ಒಡೀರಿ. ಮತ್ತ ಏನ್ ಕೊಟ್ರಿ ಅನ್ನೂದು ಚೀಟ್ಯಾಗ ಬರೀರಿ’ ಅಂದಳು. ಡಾಕ್ಟರು ಒಂದು ಕ್ಷಣ ತಲೆಯೆತ್ತಿ ನೋಡಿದರು. ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಬಂದರು. ಬಿಪಿ ನೋಡಿದರು, ಎದೆಗೆ ಬೆನ್ನಿಗೆ ಕೊಳವೆ ಹಚ್ಚಿ ಕೇಳಿದರು. ‘ಸೂಜಿ ಬ್ಯಾಡ ಬಿಡ್ರೀ ಅವ್ವಾರ, ಗುಳಿಗಿ ಸಾಕು. ಮೂರು ದಿನಕ್ಕ ಇಳೀಲಿಲ್ಲಂದ್ರ ರಕ್ತಾ ನೋಡೂಣು’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟರು. ಮನೆಗೆ ಬಂದ ಅವ್ವ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಅದರಲ್ಲಿ ಅಪ್ಪನ ಇಸಿಜಿ ಪಟ್ಟಿಗಳಿದ್ದವು, ಗೆರೆಗಳು ಮಾಸಿ ಬಹುಪಾಲು ಬಿಳಿಯಾಗಿದ್ದವು. ಅವುಗಳ ಮೇಲೆ ತನ್ನ ಚೀಟಿ ಇಟ್ಟು ಚೀಲದ ಬಾಯಿ ಗಂಟು ಹಾಕಿದಳು.